ಸ್ಕ್ರೂಡ್ರೈವರ್ ಡಾಕ್ಟ್ರು

ಬೀದಿಯವರೆಲ್ಲ ಅವರನ್ನು ಡಾಕ್ಟ್ರು ಅನ್ನುತ್ತಿದ್ದರು. ಮನುಷ್ಯರಿಗೆ ಮದ್ದು ಕೊಡುವ ಡಾಕ್ಟರೇನಲ್ಲ, ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಅವರ ಹತ್ತಿರ ಮೊಳದುದ್ದದ, ಮರದ ಹಿಡಿಯ ಒಂದು ಸ್ಕ್ರೂಡ್ರೈವರ್ ಇತ್ತು. ಅದರ ತುದಿಯನ್ನು ಓಡುವ ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ಕಣ್ಣು ಮುಚ್ಚಿದರೆಂದರೆ ಮುಗಿಯಿತು. ಯಾವ ಬೇರಿಂಗ್ ಸವೆದಿದೆ, ಯಾವ ವಾಲ್ವ್ ಸಡಿಲವಾಗಿದೆ, ಎಲ್ಲ ಹೇಳಿಬಿಡುತ್ತಿದ್ದರು. ಹೆಚ್ಚಿನ ಸಲ ಅದು ಸರಿಯಾಗಿಯೇ ಇರುತ್ತಿತ್ತು. ಸರಿಯಾಗದಿದ್ದರೆ ತಪ್ಪು ಯಂತ್ರದ್ದು.

ನಿವೃತ್ತಿಯ ವರ್ಷ ಇಲಾಖೆಯ ಹರಾಜಿನಲ್ಲಿ ಒಂದು ಹಳೆಯ ಪೆಟ್ರೋಲ್ ಜೀಪು ತಂದರು. ಫೋರ್ ವೀಲ್ ಡ್ರೈವ್. ನಾಲ್ಕೂ ಚಕ್ರ ಒಟ್ಟಿಗೆ ಎಳೆಯುತ್ತವೆ, ಎಂಥ ಬೆಟ್ಟವನ್ನೂ ಹತ್ತುತ್ತದೆ, ಎಂಥ ಕೆಸರಿನಿಂದಲೂ ಎದ್ದು ಬರುತ್ತದೆ ಎಂದು ಕಂಡಕಂಡವರಿಗೆಲ್ಲ ಹೇಳಿದರು. ಅಂದಿನಿಂದ ಇಂದಿನವರೆಗೆ ಅದು ಹತ್ತಿದ ಅತಿ ದೊಡ್ಡ ಬೆಟ್ಟವೆಂದರೆ ತರಕಾರಿ ಮಾರುಕಟ್ಟೆಯ ಮುಂದಿನ ಏರು. ಡ್ಯಾಶ್‌ಬೋರ್ಡಿನ ಮೀಟರುಗಳೂ ದೀಪಗಳೂ ಒಂದೊಂದಾಗಿ ಸತ್ತವು. ಡಾಕ್ಟ್ರು ತಲೆ ಕೆಡಿಸಿಕೊಳ್ಳಲಿಲ್ಲ. ಕಿವಿ ಇರುವವನಿಗೆ ಮೀಟರ್ ಯಾಕೆ ಅನ್ನುತ್ತಿದ್ದರು.

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಕೂತು ಬಟ್ಟೆ ಹೊಲಿಯುತ್ತಿದ್ದಳು. ಆಕೆಗೆ ಜೀಪಿನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಗಂಡನ ಮೇಲೆ. ಈ ಮನುಷ್ಯ ಮೊದಲಿನಿಂದಲೂ ಬೇರೆಯವರ ಮಾತು ಕೇಳಿಸಿಕೊಳ್ಳುವ ಪೈಕಿ ಅಲ್ಲ, ಸರಿ. ಆದರೆ ಮೊದಲು ಉತ್ತರವನ್ನಾದರೂ ಕೊಡುತ್ತಿದ್ದ. ಎರಡು ವರ್ಷದಿಂದ ಅದೂ ನಿಂತುಹೋಗಿತ್ತು. ಹೊಲಿಗೆ ಯಂತ್ರದ ಹಿಂದಿನಿಂದ ಏನು ಕೇಳಿದರೂ ಗೋಡೆಗೆ ಹೇಳಿದ ಹಾಗೆ. ಎದುರಿಗೆ ಹೋಗಿ ನಿಂತು ಕೇಳಿದರೆ ಒಂದು ಹೂಂ, ಇಲ್ಲವೇ ಪಂಪ್‌ಹೌಸಿನ ಹಳೆಯ ಕತೆ. ಇಷ್ಟು ವರ್ಷ ಸಂಸಾರ ಮಾಡಿದವಳನ್ನು ಲೆಕ್ಕಕ್ಕೇ ಇಟ್ಟಿಲ್ಲವಲ್ಲ ಎಂದು ಆಕೆಗೆ ಹೊಟ್ಟೆ ಉರಿಯುತ್ತಿತ್ತು. ಬೈದು ನೋಡಿದಳು. ಬೀದಿಯ ಆ ತುದಿಗೆ ಕೇಳುವಂತೆ ಗೊಣಗಿ ನೋಡಿದಳು. ಆಸಾಮಿ ಪೇಪರಿನ ಪುಟ ತಿರುಗಿಸಿದ, ಅಷ್ಟೇ.

ಹೋದ ವಾರ ಡಾಕ್ಟ್ರು ಅಂಗಳದಲ್ಲಿ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತು ಏರ್ ಫಿಲ್ಟರ್ ತೊಳೆಯುತ್ತಿದ್ದರು. ಆಕೆ ಬಾಗಿಲಲ್ಲಿ ನಿಂತು ಹೇಳಿದಳು, "ರೀ, ನಾನು ಅಕ್ಕನ ಮನೆಗೆ ಹೋಗ್ತೀನಿ. ಅಲ್ಲೇ ಇದ್ದುಬಿಡ್ತೀನಿ. ಹೋಗಬೇಡ ಅಂತ ಒಂದೇ ಒಂದು ಮಾತು ಹೇಳಿ, ಇಲ್ಲೇ ಇರ್ತೀನಿ."

ಡಾಕ್ಟ್ರು ಫಿಲ್ಟರನ್ನು ಕೊಡವಿ ಬಿಸಿಲಿಗಿಟ್ಟರು. ತಿರುಗಿಯೂ ನೋಡಲಿಲ್ಲ.

ಆಯಿತಲ್ಲ, ಇನ್ನೇನು ಕೇಳುವುದಿದೆ. ಇವತ್ತು ಬೆಳಿಗ್ಗೆ ಎದುರಿಗೆ ನಿಂತು, ಬಸ್ ಸ್ಟ್ಯಾಂಡಿಗೆ ಬಿಡಿ ಎಂದಳು. ಹೂಂ ಎಂದರು. ಎರಡು ಚೀಲ, ಗೋಣಿಯಲ್ಲಿ ಕಟ್ಟಿದ ಹೊಲಿಗೆ ಯಂತ್ರ ಎಲ್ಲವನ್ನೂ ಹಿಂದೆ ಹಾಕಿದರೂ, ಇದೆಲ್ಲ ಯಾಕೆ ಎಂದು ಬಾಯಿ ಬಿಡಲಿಲ್ಲ. ಆಕೆಯ ಎದೆಯಲ್ಲಿ ಉಳಿದಿದ್ದ ಒಂದಿಷ್ಟು ಆಸೆಯೂ ಅಲ್ಲಿಗೆ ಮುಗಿಯಿತು.

ಆದರೆ ಜೀಪು ಸ್ಟಾರ್ಟ್ ಆಗಲಿಲ್ಲ.

ಕೀ ತಿರುಗಿಸಿದರೆ ಸ್ಟಾರ್ಟರ್ ಮೋಟರ್ ಸುಮ್ಮನೆ ಗರಗರ ಸುತ್ತುತ್ತದೆ, ಎಂಜಿನ್ ಅಲುಗುವುದಿಲ್ಲ. ಬೀದಿಯ ತಜ್ಞರೆಲ್ಲ ಸೇರಿದರು. ಕ್ಷೌರದಂಗಡಿಯವನು ಅರ್ಧ ಗಡ್ಡದ ಗಿರಾಕಿಯ ಸಮೇತ ಬಂದು ಬ್ಯಾಟರಿ ಅಂದ. ತನ್ನ ಸ್ಕೂಟರನ್ನೇ ತಳ್ಳಿಕೊಂಡು ಹೋಗುವ ಬ್ಯಾಂಕಿನ ಗುಮಾಸ್ತ, ಪ್ಲಗ್ ಇರಬೇಕು ಅಂದ. ಡಾಕ್ಟ್ರು ಕಣ್ಣು ಮುಚ್ಚಿ, "ಕಾರ್ಬುರೇಟರಲ್ಲಿ ಕಸ. ಶಬ್ದದಲ್ಲೇ ಗೊತ್ತಾಗುತ್ತೆ," ಎಂದು ತೀರ್ಪು ಕೊಟ್ಟರು. ಹೆಂಡತಿ ಹಿಂದಿನ ಸೀಟಿನಲ್ಲಿ ಚೀಲಗಳ ನಡುವೆ ಹಲ್ಲು ಕಚ್ಚಿ ಕೂತಿದ್ದಳು. ಮನೆ ಬಿಟ್ಟು ಹೋಗುವುದಕ್ಕೂ ಈತನ ಗಾಡಿಯನ್ನೇ ನಂಬಬೇಕಾಯಿತಲ್ಲ ಎಂದು ನಾಚಿಕೆಯಾಯಿತು.

ಕೊನೆಗೆ ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್ ಬಂದು ಜೀಪಿನಡಿ ನುಗ್ಗಿ, ಸ್ಟಾರ್ಟರನ್ನು ಬಿಚ್ಚಿ ಹೊರಗೆ ತಂದ. ಅದರ ಗೇರಿನ ಹಲ್ಲುಗಳೆಲ್ಲ ನುಣ್ಣಗಾಗಿದ್ದವು.

"ಈ ವರ್ಷ ಇದು ಎರಡನೇದು, ಸರ್," ಅಂದ. "ಯಾರೋ ಕಳಪೆ ಮಾಲು ಕೊಡ್ತಿದ್ದಾರೆ."

"ನೀನೇ ತಾನೆ ಕೊಟ್ಟಿದ್ದು," ಎಂದ ಕ್ಷೌರದಂಗಡಿಯವನು.

ಮೆಕ್ಯಾನಿಕ್ ಅದನ್ನು ಕಿವಿಗೆ ಹಾಕಿಕೊಳ್ಳದೆ ಬೇರೊಂದು ಸ್ಟಾರ್ಟರ್ ತಂದು ಕೂರಿಸಿದ. ಡಾಕ್ಟ್ರು ಸೀಟೇರಿದರು. ಆಕೆ ಕಾಲು ಜೋಮು ಹಿಡಿದಿದ್ದರಿಂದ ಕೆಳಗಿಳಿದು ಮುಂದಿನ ಚಕ್ರದ ಪಕ್ಕ ನಿಂತಳು.

ಕೀ ತಿರುಗಿತು. ಮೊದಲ ಸಲಕ್ಕೇ ಎಂಜಿನ್ ಹಿಡಿಯಿತು. ಎಂಜಿನ್ ಕೆಳಗಿನ ರಬ್ಬರುಗಳನ್ನು ಹೋದ ವರ್ಷವಷ್ಟೇ ಬದಲಾಯಿಸಿದ್ದರಿಂದ ಗಾಡಿ ಅಲುಗಾಡದೆ, ಒಂದೇ ಸಮನೆ ಮೆಲ್ಲಗೆ ಗುನುಗುತ್ತಾ ನಿಂತಿತು. ಮೆಕ್ಯಾನಿಕ್ ಕೈ ಒರೆಸಿಕೊಂಡ.

"ಊಹೂಂ. ಹಿಡೀಲಿಲ್ಲ," ಎಂದರು ಡಾಕ್ಟ್ರು. ಮತ್ತೆ ಕೀ ತಿರುಗಿಸಿದರು.

ಓಡುತ್ತಿದ್ದ ಎಂಜಿನ್ನಿಗೆ ಸ್ಟಾರ್ಟರಿನ ಹಲ್ಲು ತಾಗಿ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕರ್ರ್ ಎಂದು ಕಿರುಚಿತು. ಗುಮಾಸ್ತ ಎರಡೂ ಕಿವಿ ಮುಚ್ಚಿಕೊಂಡ. ಡಾಕ್ಟ್ರು ಮಾತ್ರ ಶಾಂತವಾಗಿ ಮೂರನೆಯ ಸಲಕ್ಕೆ ಕೈ ಹಾಕಿದರು.

ಆಕೆ ಚಕ್ರದ ಪಕ್ಕದಿಂದ ಗಂಡನ ಮುಖ ನೋಡಿದಳು. ಆ ಮುಖದಲ್ಲಿ ನಾಟಕವಿರಲಿಲ್ಲ. ಅವರ ಸೀಟಿನ ಹಿಂದೆ ಹೋಗಿ ನಿಂತು, ದಿನಾ ಮಾತಾಡುವ ದನಿಯಲ್ಲೇ ಹೇಳಿದಳು, "ರೀ, ನಿಮ್ಮಂಥ ದಡ್ಡ ಈ ಲೋಕದಲ್ಲೇ ಇಲ್ಲ."

ಕ್ಷೌರದಂಗಡಿಯವನಿಗೆ ಕೇಳಿಸಿತು, ಬಾಯಿ ಮುಚ್ಚಿಕೊಂಡು ನಕ್ಕ. ಅರ್ಧ ಗಡ್ಡದ ಗಿರಾಕಿಗೂ ಕೇಳಿಸಿತು. ಡಾಕ್ಟ್ರು ಕೀ ಹಿಡಿದೇ ಇದ್ದರು.

ಆಕೆ ಮುಂದೆ ಬಂದು ಅವರ ಕೈ ಹಿಡಿದು ಕೆಳಗಿಳಿಸಿದಳು. ಬಾನೆಟ್ ತೆರೆದೇ ಇತ್ತು. ಸೀಟಿನ ಕೆಳಗಿದ್ದ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ತಾನೇ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಅವರ ಕಿವಿಯ ಹಿಂದೆ ಇಟ್ಟಳು. ಡಾಕ್ಟರ ಕಣ್ಣು ಅರಳಿತು. ಮೂಳೆಯ ಮೂಲಕ ಎಂಜಿನ್ ಸ್ಪಷ್ಟವಾಗಿ ಕೇಳಿಸಿತು. ಸ್ಕ್ರೂಡ್ರೈವರ್ ತೆಗೆದಳು. ಏನೂ ಇಲ್ಲ. ಮತ್ತೆ ಇಟ್ಟಳು. ಇದೆ. ಎಲ್ಲ ಯಂತ್ರಗಳ ರೋಗ ಹೇಳಿದ್ದ ಆ ಮನುಷ್ಯನಿಗೆ ತನ್ನ ರೋಗ ಇಷ್ಟು ದಿನ ಗೊತ್ತಾಗದೇ ಹೋದದ್ದು ಅದೇ ಸ್ಕ್ರೂಡ್ರೈವರಿನ ದಯೆಯಿಂದ.

"ಈಗಿನ ಗಾಡಿಗಳಿಗೆ ಶಬ್ದ ಕಡಿಮೆ ಅಂದುಕೊಂಡಿದ್ದೆ," ಎಂದರು ಮೆಲ್ಲಗೆ. ಗಾಡಿಯ ವಯಸ್ಸು ಅವರಿಗಿಂತ ಸ್ವಲ್ಪವೇ ಕಡಿಮೆ.

ಆಕೆ ತನ್ನ ತುಟಿ ಅವರಿಗೆ ಕಾಣುವಂತೆ ಮುಖಕ್ಕೆ ಮುಖ ಕೊಟ್ಟು ಕೇಳಿದಳು, "ಮತ್ತೆ ನಾನು?"

"ಎದುರಿಗೆ ನಿಂತು ಆಡೋ ಒಂದೆರಡು ಮಾತು ಬಿಟ್ಟರೆ, ನೀನು ನನ್ನ ಹತ್ತಿರ ಮಾತೇ ನಿಲ್ಲಿಸಿದ್ದೆಯಲ್ಲ. ಎರಡು ವರ್ಷ ಆಯ್ತು. ನಾನೇನು ತಪ್ಪು ಮಾಡಿದೆ ಅಂತ ದಿನಾ ಯೋಚಿಸ್ತಿದ್ದೆ."

"ಒಂದು ಸಲ ಕೇಳೋಕೆ ಏನಾಗಿತ್ತು?"

"ಕೇಳಿದರೆ ಎದ್ದು ಹೋಗಿಬಿಡ್ತೀಯೇನೋ ಅಂತ ಹೆದರಿಕೆ. ಇವತ್ತು ಚೀಲ ನೋಡಿದಾಗಲೂ ಅದಕ್ಕೇ ಬಾಯಿ ಬರಲಿಲ್ಲ."

ಆಕೆಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಎರಡು ವರ್ಷ ಬೈದ ಬೈಗುಳದಲ್ಲಿ ಒಂದೂ ಮುಟ್ಟಬೇಕಾದಲ್ಲಿಗೆ ಮುಟ್ಟಿರಲಿಲ್ಲ. ಸೆರಗಲ್ಲಿ ಮೂಗು ಒರೆಸಿಕೊಂಡು, ಹಿಂದಿನ ಸೀಟು ಬಿಟ್ಟು ಮುಂದೆ ಗಂಡನ ಸೀಟಿನ ಪಕ್ಕ ಹತ್ತಿ ಕೂತಳು. ಡಾಕ್ಟರೂ ಬಂದು ಕೂತು, ಅಭ್ಯಾಸಬಲದಿಂದ ಕೀಗೆ ಕೈ ಹಾಕಿದರು. ಆಕೆ ಆ ಕೈಗೆ ಪಟ್ಟನೆ ಒಂದು ಕೊಟ್ಟಳು.

"ಬಸ್ ಸ್ಟ್ಯಾಂಡಿಗಾ?" ಎಂದು ಡಾಕ್ಟ್ರು ಕೇಳಿದರು.

ಆಕೆ ಅವರ ಕಿವಿಗೆ ಬಾಯಿಟ್ಟು, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದಳು, "ಕಿವಿ ಡಾಕ್ಟರ ಹತ್ತಿರ."

ಡಾಕ್ಟ್ರು ಗುಂಪಿನ ಕಡೆ ನೋಡಿ ಮುಜುಗರಪಟ್ಟರು. "ಮೆಲ್ಲಗೆ ಹೇಳೇ. ಬೀದಿಯವರಿಗೆ ಕೇಳಿಸುತ್ತೆ."

"ಬೀದಿಯವರಿಗೆ ಎರಡು ವರ್ಷದಿಂದ ಕೇಳಿಸ್ತಾನೇ ಇದೆ," ಎಂದಳು ಆಕೆ. "ಕೇಳಿಸದೇ ಇದ್ದದ್ದು ನಿಮಗೊಬ್ಬರಿಗೇ."