ಹಗಲು ಬೆಳಕಿನಲ್ಲಿ ಹಸಿರು ಖಣ

ಪರದೇಶದ ಈ ರೇನರ್ಸ್ ಲೇನ್ ಬಡಾವಣೆಯಲ್ಲಿ ರವಿಕೆ ಹೊಲಿಯುವ ಬಸಲಿಂಗವ್ವನವರ ಬಗ್ಗೆ ಹೇಳಲೇಬೇಕು. ಬಣ್ಣ ಎಲ್ಲಿಂದ ಬರುತ್ತದೆ ಎಂಬುದನ್ನು ಅವರು ಬಟ್ಟೆ ಹಿಡಿದು ತೋರಿಸುತ್ತಾರೆ.

ಒಮ್ಮೆ ಏಳು ತಿಂಗಳ ಬಸುರಿ ಸೃಷ್ಟಿ ಅವರ ಮನೆಗೆ ಬಂದಳು; ಮರುದಿನವೇ ಅವಳಿಗೆ ಕುಬಸದ ಶಾಸ್ತ್ರ, ಅಂದರೆ ಸೀಮಂತ, ಇತ್ತು. ತವರಿನವರು ಕಳಿಸಿದ ಹಸಿರು ಸೀರೆಗೆ ಹೊಂದುವ ರವಿಕೆಯ ಖಣವನ್ನು ಅವಳೇ ಅಂಗಡಿಯಲ್ಲಿ ಆರಿಸಿ ತಂದಿದ್ದಳು. ಟ್ಯೂಬ್‌ಲೈಟಿನ ಕೆಳಗೆ ಎರಡೂ ಒಂದೇ ಹಸಿರು. ಆದರೆ ಹಗಲು ಬೆಳಕಿನಲ್ಲಿ ನೋಡದೆ ಬಸಲಿಂಗವ್ವ ಕತ್ತರಿ ಹಾಕುವವರಲ್ಲ. ಎರಡನ್ನೂ ಫುಟ್‌ಪಾತಿಗೆ ಒಯ್ದರು. ಅಲ್ಲಿ ಸೀರೆ ಹಸಿರಾಗೇ ಇತ್ತು, ಖಣ ಮಾತ್ರ ಕಂದು ಬಣ್ಣವಾಗಿ ಕಂಡಿತು.

“ಅಯ್ಯ ಕಾಕು, ಒಳಗ ಎರಡೂ ಒಂದ ಇದ್ದೂವಲ್ಲ! ನಾಳೆ ಏನ್ ಉಟ್ಕೊಳ್ಳಲಿ?” ಸೃಷ್ಟಿಯ ಕಣ್ಣು ತುಂಬಿತು.

“ಅಳಬ್ಯಾಡ ತಂಗಿ. ಎಲ್ಲಾ ಬಣ್ಣ ಹಗಲು ಬೆಳಕಿನ್ಯಾಗ ಇರ್ತಾವ. ಬಟ್ಟಿ ಒಂದಿಷ್ಟು ನುಂಗತದ, ಉಳಿದದ್ದು ವಾಪಸ್ ಕೊಡತದ. ನಮ್ಮ ಕಣ್ಣಿಗೆ ಬೀಳೂದು ಆ ಉಳಿದದ್ದು. ಒಳಗಿನ ಟ್ಯೂಬ್‌ಲೈಟ್ ಜಿಪುಣ, ಎಲ್ಲಾ ಬಣ್ಣ ಸರಿಯಾಗಿ ಕೊಡಂಗಿಲ್ಲ. ಅದು ಕೊಡದ ಬಣ್ಣ ಬಟ್ಟಿ ಹ್ಯಾಂಗ ವಾಪಸ್ ಕೊಡಬೇಕು?”

ಸೃಷ್ಟಿ ರಸ್ತೆಯ ಕೆಂಪು ಬಸ್ಸನ್ನು ನೋಡಿದಳು. ಅದು ಮಿಕ್ಕೆಲ್ಲ ಬಣ್ಣ ನುಂಗಿ ಕೆಂಪನ್ನಷ್ಟೇ ಅವಳ ಕಣ್ಣಿಗೆ ಕಳಿಸುತ್ತಿದೆ! ಅವಳು ಅಳುವುದನ್ನೇ ಮರೆತಳು.

ಬಸಲಿಂಗವ್ವ ತಮ್ಮ ಟ್ರಂಕಿನ ಹಸಿರು ಖಣಗಳನ್ನು ತಂದು ಒಂದೊಂದಾಗಿ ಸೀರೆಯ ಮೇಲಿಟ್ಟರು. ನಾಲ್ಕನೆಯದು ಸೀರೆಯೊಳಗೇ ಕರಗಿದಂತೆ ಕಂಡಿತು. ಸಂಜೆಗೆ ರವಿಕೆ ಸಿದ್ಧವಾಯಿತು.

ನೀವೂ ಒಮ್ಮೆ ಹೋಗಿ ಅವರನ್ನು ಕಾಣಿ. ಹಗಲು ಹೊತ್ತಿನಲ್ಲೇ ಹೋಗಿ.