ನೀರಿಗೆ ಕೂಗುವ ದನಿ

ನಮ್ಮ ಸಗರ ಶಾಲೆಯ ವಿಜ್ಞಾನ ಟೀಚರ್ ಪಂಚಶೀಲಾಗೆ ಮನುಷ್ಯರಿಗಿಂತ ಚಿಮ್ಮಂಡೆಗಳ ಸಂಸಾರದ ಮೇಲೆ ಹೆಚ್ಚು ಕಾಳಜಿ. ನಾನು ಅದೇ ಶಾಲೆಯ ಕನ್ನಡ ಮಾಸ್ತರ. ಹುಳ ಕಂಡರೆ ನನಗಾಗದು. ಆದರೂ ಊಟದ ಬಿಡುವಿನಲ್ಲಿ ಆಕೆ ಹೇಳಿದ್ದನ್ನು ಕೇಳಲೇಬೇಕು, ಉಪ್ಪಿನಕಾಯಿ ಡಬ್ಬಿ ಆಕೆಯದು.

ಆಕೆ ಹೇಳುವುದಿಷ್ಟು. ಸಂಜೆ ಗಿಡದ ಮೇಲೆ ಕೂತು ರೆಕ್ಕೆ ಉಜ್ಜಿ ಚಿರ್ರೆನ್ನುವುದು ಗಂಡು ಚಿಮ್ಮಂಡೆ. ಹೆಣ್ಣು ಜೋರು ದನಿಯ ಕಡೆಗೆ ಹೋಗುತ್ತದೆ. ಎಲ್ಲ ಗಂಡುಗಳ ದನಿ ಒಂದೇ ಅಲ್ಲ. ಒಂದು ಜಾತಿಯಲ್ಲಿ ದನಿ ಸಣ್ಣದಿರುವ ಕೆಲವು ಗಂಡುಗಳು ಎಲೆಗೆ ತೂತು ಕೊರೆದು, ಅದರಲ್ಲಿ ತಲೆ ತೂರಿಸಿ ಕೂಗುತ್ತವೆ. ಆಗ ದನಿ ಹೆಚ್ಚುಕಡಿಮೆ ದುಪ್ಪಟ್ಟು. ದೊಡ್ಡ ದನಿಯವು ಆ ಗೊಡವೆಗೆ ಹೋಗುವುದು ಕಡಿಮೆ.

"ಅಂದ್ರ ಹೆಣ್ಣು ಮೋಸ ಹೋತಲ್ರಿ?" ಎಂದೆ.

"ತೂತು ಕೊರಿಯೋ ಬುದ್ಧಿನೂ ಆ ಗಂಡಿಂದೇ ಅಲ್ರಿ ಸರ್?" ಎಂದಳು.

ಆಕೆಯ ಅಪ್ಪ ಅಂಬ್ರಪ್ಪನ ಹೊಲ ಇರುವುದು ದೇವಾಪುರದಲ್ಲಿ, ಕಾಲುವೆಯ ಕಟ್ಟಕಡೆಗೆ. ಮೇಲಿನ ಹೊಲದವರು ಬಿಟ್ಟರೆ ಮಾತ್ರ ಇವರ ಭತ್ತಕ್ಕೆ ನೀರು. ಬದುವಿನ ಮೇಲೆ ನಿಂತು ಒದರದೆ ಅವರು ಬಿಡುವುದಿಲ್ಲ. ಅಂಬ್ರಪ್ಪ ನಸುಕಿನಲ್ಲಿ ಹೋಗಿ ಒದರುತ್ತಾನೆ. ಆ ದನಿ ಕೇಳಿಯೇ ಲಾಲಮ್ಮ ಅವನನ್ನು ಮೆಚ್ಚಿ ಮದುವೆಯಾದದ್ದು. ಹೀಗಾಗಿ ಮಗಳನ್ನು ನೋಡಲು ಬಂದ ಗಂಡು ಉಪ್ಪಿಟ್ಟು ತಿಂದ ಮೇಲೆ ಬದುವಿಗೆ ಹೋಗಿ "ನೀರು ಬಿಡ್ರೋ" ಎಂದು ಕೂಗಬೇಕು; ಮನೆಯ ಕಟ್ಟೆಯ ಮೇಲಿರುವ ಅಂಬ್ರಪ್ಪನಿಗೆ ಕೇಳಬೇಕು. ಕೇಳದಿದ್ದರೆ ಸಂಬಂಧವಿಲ್ಲ. ಒಬ್ಬ ಬಸ್ ಕಂಡಕ್ಟರ್ ಕೂಗಿದಾಗ ಮೇಲಿನವರು ನಿಜವಾಗಿಯೂ ನೀರು ಬಿಟ್ಟರು. ಪಂಚಶೀಲಾ ಒಲ್ಲೆ ಎಂದಳು. ಆತ ಉಪ್ಪಿಟ್ಟು ತಿನ್ನುವಾಗಲೂ ಅದೇ ದನಿಯಲ್ಲಿ ಮಾತಾಡಿದ್ದ.

ಆಮೇಲೆ ಬಂದವನು ಅರುಣಕುಮಾರ, ಸುರಪುರದ ಒಂದು ಗ್ರಂಥಾಲಯದ ಗುಮಾಸ್ತ. ಕೆಮ್ಮಿದರೂ ಪಕ್ಕದವರಿಗೆ ಕೇಳದು. ಆದರೆ ಚಿಮ್ಮಂಡೆಯ ಕಥೆ ಪೂರ್ತಿ ಕೇಳಿ, ತೂತು ಎಷ್ಟು ಅಗಲ ಇರುತ್ತದೆ ಎಂದು ವಿಚಾರಿಸಿದ. ಈತನೇ ಬೇಕು ಎಂದು ಪಂಚಶೀಲಾಗೆ ಅಲ್ಲೇ ಅನಿಸಿತು. ಆದರೆ ಬದುವಿನ ಪರೀಕ್ಷೆ ಬಾಕಿಯಿತ್ತು.

ಬದು ತೋರಿಸಲು ಆಕೆಯೇ ಹೋದಳು. ಅರುಣಕುಮಾರ ಕೂಗಿದ, ಪಕ್ಕದ ಕೊಕ್ಕರೆ ತಿರುಗಿಯೂ ನೋಡಲಿಲ್ಲ. ಜಾಲಿಗಿಡದ ಬುಡದಲ್ಲಿ ತಳ ಕತ್ತರಿಸಿದ ಪ್ಲಾಸ್ಟಿಕ್ ಕೊಡವೊಂದಿತ್ತು. ಅದನ್ನೆತ್ತಿ, ಅದರ ಬಾಯಿಗೆ ತನ್ನ ಬಾಯಿ ಇಟ್ಟು ಮತ್ತೆ ಕೂಗಿದ. ಕೊಕ್ಕರೆ ಹಾರಿತು. ಕೊಡವನ್ನು ಬದುವಿನ ಮೇಲೆಯೇ ಬಿಟ್ಟು ಇಬ್ಬರೂ ವಾಪಸು ಬಂದರು.

ಅಂಬ್ರಪ್ಪ ಮಗಳನ್ನು ಒಳಗೆ ಕರೆದ. "ಕೇಳಿಸ್ತು. ದನಿ ಆತಂದೇ ಏನವ್ವ?"

ಪ್ರಯೋಗ ಮಾಡದೆ ಫಲಿತಾಂಶ ಬರೆದ ಮಕ್ಕಳಿಗೆ ಸೊನ್ನೆ ಕೊಡುವ ಟೀಚರ್ ಈಕೆ.

"ಆತಂದೇ ಅಪ್ಪಾ," ಎಂದಳು.

ಅಂಬ್ರಪ್ಪ ರುಮಾಲು ಸರಿಮಾಡಿಕೊಂಡ. "ಹಂಗಾರ ಒಪ್ಪಿಗಿ ಅಂತ ಹೇಳ್ತೀನಿ. ನೀ ಹೋಗಿ ಆ ಕೊಡ ಮತ್ತ ಜಾಲಿಗಿಡದ ಬುಡಕ್ಕ ಇಟ್ಟು ಬಾ, ನಾಳಿ ನಸಿಕಿನ್ಯಾಗ ನನಗ ಬೇಕು. ನಿಮ್ಮವ್ವಗ ಮಾತ್ರ ಹೇಳಬ್ಯಾಡ."