ಸಿರುಗುಪ್ಪದಲ್ಲಿ ಒಂದು ಲೋಟ ಪಿಲ್ಸನರ್

ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಲಿನ ಗ್ಯಾಸಿನಿಂದ ಓಡುತ್ತಿದ್ದವು. ಅಂಥದೊಂದು ಬಸ್ಸಿನಲ್ಲಿ, ಭತ್ತದ ಹೊಟ್ಟಿನ ಚೀಲದೊಳಗೆ ಮಂಜುಗಡ್ಡೆ ಇಟ್ಟುಕೊಂಡು, ಬಳ್ಳಾರಿಯಿಂದ ಕುರುಗೋಡು ಮಾರ್ಗವಾಗಿ ಸಿರುಗುಪ್ಪಕ್ಕೆ ಹೊರಟೆ.

ಮಂಜುಗಡ್ಡೆ ಕಾರೆಲ್ ಸಾಹೇಬರಿಗೆ. ಜರ್ಮನರು ಚೆಕ್ ನಾಡನ್ನು ಆಕ್ರಮಿಸಿದಾಗ ಅಲ್ಲಿಂದ ಓಡಿಬಂದವರು ಅವರು. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದರು. ಬಳ್ಳಾರಿಯ ನನ್ನ ಅಂಗಡಿಯಿಂದ ಯಂತ್ರದ ಬೆಲ್ಟು ಒಯ್ಯುತ್ತಿದ್ದರು. ಜವೆಗೋಧಿ ಮೊಳಕೆ ಕಟ್ಟಿ, ಕಹಿಗೆಂದು ಉತ್ತರ ಹಿಂದುಸ್ತಾನದಿಂದ ಹಾಪ್ ಎಂಬ ಬಳ್ಳಿಯ ಒಣಹೂ ತರಿಸಿ, ತಮ್ಮೂರಿನ ಪಿಲ್ಸನರ್ ಬಿಯರ್ ಮಾಡಿದ್ದರು. ಅದನ್ನು ವಾರಗಟ್ಟಲೆ ತಣ್ಣಗಿಡಬೇಕಂತೆ; ಬಾವಿಯ ನೀರಿನಲ್ಲಿ ಇಳಿಬಿಟ್ಟಿದ್ದರು, ಕುಡಿಯುವ ದಿನ ಮಾತ್ರ ಮಂಜುಗಡ್ಡೆ ಬೇಕಂತೆ. ಹಿಂದೆ ಎರಡು ಸಲ ಮಾಡಿದ್ದು ಹುಳಿಯಾಗಿತ್ತು. ಇದೂ ಕೆಟ್ಟರೆ ಬಿಟ್ಟುಬಿಡುತ್ತೇನೆ ಎಂದಿದ್ದರು.

ಕುರುಗೋಡಿನಲ್ಲಿ ಬಸ್ಸು ಕೆಮ್ಮಿ ನಿಂತಿತು. ಪಕ್ಕದ ಮುದುಕಿ ಸೀರೆ ಎತ್ತಿ ಹಿಡಿದು, "ನಿಮ್ಮ ಚೀಲ ಸೋರಾಕ ಹತ್ತೈತಿ ನೋಡ್ರಿ" ಎಂದಳು. ಚೀಲವನ್ನು ಬಂಡೆಯ ನೆರಳಿಗೆ ಎಳೆದು, ರೊಟ್ಟಿ, ಶೇಂಗಾ ಚಟ್ನಿ ತಿಂದೆ. ಬಸ್ಸು ಮತ್ತೆ ಹೊರಟು ಸಿರುಗುಪ್ಪ ಮುಟ್ಟುವಾಗ ಗಡ್ಡೆ ಅರ್ಧವಾಗಿತ್ತು.

"ಇಷ್ಟು ಸಾಕು," ಎಂದರು ಸಾಹೇಬರು. ಬಿಯರಿನ ಶೀಷೆಯನ್ನು ಅದರಲ್ಲಿ ಹೂತಿಟ್ಟು, ಸಂಜೆ ಒಂದೇ ಲೋಟಕ್ಕೆ ಸುರಿದು ನನ್ನ ಕೈಗಿತ್ತರು. ಹೊಂಬಣ್ಣ, ಮೇಲೆ ಬಿಳಿ ನೊರೆ.

"ಮೊದಲು ನೀವು," ಎಂದೆ.

"ಹೋದ ಸಲದ ಜ್ವರದಾಗ ನನ್ನ ನಾಲಿಗಿ ಸತ್ತೈತ್ರಿ. ವಾಸನಿನೂ ತಿಳಿಯಂಗಿಲ್ಲ. ನೀವು ಹೇಳ್ರಿ."

ನಾನು ಹೆಂಡವನ್ನೂ ಮುಟ್ಟಿದವನಲ್ಲ. ಸಾಹೇಬರು ಬಾಡಿಗೆಗಿದ್ದ ಮನೆಯ ಒಡತಿ ಗಂಗಮ್ಮ ಬಾಗಿಲಲ್ಲಿ ನಿಂತಿದ್ದರು. "ನಾ ಲಿಂಗ ಕಟ್ಟಿದಾಕಿ, ಕುಡಿಯಂಗಿಲ್ಲ. ಮೂಸಿ ನೋಡ್ತೀನಿ ತರ್ರಿ" ಎಂದು ಲೋಟಕ್ಕೆ ಮೂಗು ತಂದರು. "ಹಸಿ ಹುಲ್ಲು ಕೊಯ್ದಂಗ ಐತಿ. ಹಂಚಿನ ಮ್ಯಾಲಿನ ರೊಟ್ಟಿ ವಾಸನಿನೂ ಐತಿ."

ನಾನು ಒಂದು ಗುಟುಕು ಕುಡಿದೆ. ತಣ್ಣಗೆ ನಾಲಿಗೆ ಚುರುಗುಟ್ಟಿತು.

"ಹುಳಿ?" ಸಾಹೇಬರ ಕಣ್ಣು ನನ್ನ ಬಾಯಿಯ ಮೇಲಿತ್ತು.

"ಇಲ್ರಿ. ಕಹಿ ಐತಿ, ಮೆಂತ್ಯದಂಗ."

"ಕಹಿ ಮೊದಲು ಬರತೈತೋ, ಆಮ್ಯಾಲೋ?"

ತಪ್ಪು ಹೇಳಬಾರದೆಂದು ಇನ್ನೊಂದು ಗುಟುಕು ನಿಧಾನವಾಗಿ ನುಂಗಿದೆ. "ಮೊದಲು ಒಂಚೂರು ಸಿಹಿ. ನುಂಗಿದ ಮ್ಯಾಲೆ ಕಹಿ. ಅದೂ ನಿಲ್ಲಂಗಿಲ್ಲ, ಹೋಗಿಬಿಡತೈತಿ."

ಸಾಹೇಬರು ಕಟ್ಟೆಯ ಮೇಲೆ ಕೂತರು. ತಮ್ಮ ಭಾಷೆಯಲ್ಲಿ ಏನೋ ಅಂದರು. ಆಮೇಲೆ ಲೋಟ ಇಸಿದುಕೊಂಡು, ಕಣ್ಣು ಮುಚ್ಚಿ, ಉಳಿದದ್ದನ್ನು ಕೊನೆಯ ಹನಿಯವರೆಗೆ ಕುಡಿದರು.

"ರುಚಿ ಹತ್ತಿತೇನ್ರಿ?" ಎಂದು ಕೇಳಿದರು ಗಂಗಮ್ಮ.

"ಇಲ್ಲವ್ವ," ಎಂದು ನಕ್ಕರು, "ಆದ್ರ ಇದು ಅದೇ ಐತಿ, ನಮ್ಮೂರಿಂದು."

ಮರುದಿನ ನಾನು ವಾಪಸಾಗುತ್ತಿದ್ದ ಬಸ್ಸು ಗಿರಣಿಯ ಮುಂದಿನಿಂದಲೇ ಹಾದುಹೋಯಿತು. ಸಾಹೇಬರು ಅಂಗಳದಲ್ಲಿ ತೊಟ್ಟಿಯ ಮೇಲೆ ಬಗ್ಗಿ ಹೊಸ ಜವೆಗೋಧಿ ನೆನೆಹಾಕುತ್ತಿದ್ದರು. ನಾನು ಕೂಗಿದ್ದು ಗಿರಣಿಯ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ.